ತಣ್ಣನೆಯ ಹಣೆ

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಬಿಳಿ ವ್ಯಾನು ಹುಲ್ಲಮರಡಿಯ ಸಮುದಾಯ ಭವನದ ಮುಂದೆ ನಿಂತಾಗ ನೆರಳಿನಲ್ಲೇ ನಲವತ್ತೇಳು ಡಿಗ್ರಿ ಇತ್ತು. ಎದುರಿನ ಕಲ್ಲುಗಣಿಯಲ್ಲಿ ಎಂದಿನಂತೆ ಕೆಲಸ ನಡೆದಿತ್ತು. ಗಂಡಸರು ಬರಿಮೈಯಲ್ಲಿ ಬಂಡೆಗೆ ಉಳಿ ಹೊಡೆಯುತ್ತಿದ್ದರು, ಹೆಂಗಸರು ಚೂರುಗಲ್ಲು ಬುಟ್ಟಿಗೆ ತುಂಬುತ್ತಿದ್ದರು. ಯಾರೂ ನೆರಳು ಹುಡುಕುತ್ತಿರಲಿಲ್ಲ, ಯಾರಿಗೂ ತಲೆ ಸುತ್ತುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ ಇಂಥ ಬಿಸಿಲಿಗೆ ಒಂದು ತಾಸು ಮೈಯೊಡ್ಡಿದವರು ಹೆಣವಾಗಿ ಮನೆಗೆ ಬರುತ್ತಿದ್ದರು. ಅದನ್ನು ತಪ್ಪಿಸಿದ ಹೆಂಗಸು ಈಗ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು ಒದ್ದೆ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಜನ ಹತ್ತಿರ ಬರುವುದು ಕಂಡು ಟವೆಲ್ಲನ್ನು ಸೀಟಿನ ಕೆಳಗೆ ತುರುಕಿದಳು.

ಮಾಜಿ ಪ್ರಧಾನಿ ನೀಲಾಂಬಿಕಾ ಕಮತಗಿಗೆ ಎಪ್ಪತ್ತಾರು ತುಂಬಿತ್ತು. ಅಧಿಕಾರ ಹೋದ ಮೇಲೆ ದೊಡ್ಡವರು ಏನು ಮಾಡಬೇಕು ಎನ್ನುವುದಕ್ಕೆ ಒಂದು ಪದ್ಧತಿಯಿದೆ. ಆತ್ಮಕಥೆ ಬರೆಯುತ್ತಾರೆ, ಹೊರದೇಶಗಳಲ್ಲಿ ಭಾಷಣ ಮಾಡಿ ಶಾಲು ಹೊದೆಸಿಕೊಳ್ಳುತ್ತಾರೆ, ತಮ್ಮ ಹೆಸರಿನಲ್ಲೊಂದು ಪ್ರತಿಷ್ಠಾನ ಕಟ್ಟಿ ಅದರ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆಕೆ ಇವೆಲ್ಲವನ್ನೂ ಎಂಟು ವರ್ಷ ಅಚ್ಚುಕಟ್ಟಾಗಿ ಮಾಡಿದಳು. ಆಮೇಲಿನ ಆರು ವರ್ಷದಿಂದ ಹೀಗೆ ಊರೂರು ಸುತ್ತುತ್ತ, ತಾನೇ ಹಾಕಿಸಿದ್ದ ಸೂಜಿಯ ವಿರುದ್ಧ ಮಾತಾಡುತ್ತಿದ್ದಳು. ಜನ ಬರುತ್ತಿದ್ದರು. ಹಾರ ಹಾಕುತ್ತಿದ್ದರು, ಫೋಟೋ ಹೊಡೆಸಿಕೊಳ್ಳುತ್ತಿದ್ದರು, ರಸ್ತೆಯ ಬಗ್ಗೆ ಒಂದು ಮನವಿ ಕೊಡುತ್ತಿದ್ದರು. ಆಕೆ ಕೇಳುವ ಒಂದನ್ನು ಮಾತ್ರ ಕೊಡುತ್ತಿರಲಿಲ್ಲ.

ಆಕೆ ಕೇಳುತ್ತಿದ್ದುದು ವಾರಕ್ಕೊಮ್ಮೆ ಬೆರಳ ತುದಿಯಿಂದ ಒಂದು ಹನಿ ರಕ್ತ.

ಎರಡು ಸಾವಿರದ ಐವತ್ತೊಂದರ ಬೇಸಿಗೆಯಲ್ಲಿ ನಲವತ್ತು ದಿನಕ್ಕೆ ಮೂರು ಲಕ್ಷ ಜನ ಬಿಸಿಲಿಗೆ ಸತ್ತಾಗ ಆಕೆ ಪ್ರಧಾನಿಯಾಗಿದ್ದಳು. ಸತ್ತವರೆಲ್ಲ ಹೊರಗೆ ದುಡಿಯುವವರು. ಎರಡು ವರ್ಷ ಕಳೆದ ಮೇಲೆ ಡಾಕ್ಟರ್ ಮೌಲಾಸಾಬ ನದಾಫ ಎಂಬ ವಿಜ್ಞಾನಿ ಒಂದು ಚುಚ್ಚುಮದ್ದು ತಂದು ಆಕೆಯ ಮೇಜಿನ ಮೇಲಿಟ್ಟರು. ಮನುಷ್ಯನ ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಭಾಗವೊಂದಿದೆ. ಮೈ ಎಷ್ಟು ಬೆಚ್ಚಗಿರಬೇಕೆಂದು ನಿರ್ಧರಿಸುವುದು ಅದು, ಇಸ್ತ್ರಿಪೆಟ್ಟಿಗೆಯ ತಿರುಗುಣಿಯ ಹಾಗೆ. ನದಾಫರ ಔಷಧಿ ಆ ತಿರುಗುಣಿಯನ್ನು ಒಂದೇ ಜಾಗದಲ್ಲಿ ಬಿಗಿದುಬಿಡುತ್ತಿತ್ತು. ಹೊರಗೆ ಎಂಥ ಬೆಂಕಿ ಸುರಿದರೂ ಒಳಗೆ ಮೈ ತಣ್ಣಗೆ. ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ಇರುತ್ತದೆ. ಸರಕಾರ ಅದಕ್ಕೆ ಶೀತಕವಚ ಎಂದು ಹೆಸರಿಟ್ಟಿತು, ಜನ ತಂಪಿನ ಸೂಜಿ ಎಂದರು. ದೊಡ್ಡವರೆಲ್ಲರಿಗೂ ಹಾಕಿದರು, ಹುಟ್ಟಿದ ಕೂಸುಗಳಿಗೆ ಮೂರನೇ ತಿಂಗಳಿಗೆ ಹಾಕತೊಡಗಿದರು. ಬಿಸಿಲಿನ ಸಾವು ನಿಂತುಹೋಯಿತು.

ಆದರೆ ಮೈಯೊಳಗೆ ರೋಗಾಣು ಹೊಕ್ಕಾಗ ದೇಹ ತಾನಾಗಿಯೇ ಆ ತಿರುಗುಣಿಯನ್ನು ಮೇಲಕ್ಕೆ ತಿರುಗಿಸುತ್ತದೆ. ಅದೇ ಜ್ವರ. ಜ್ವರವೆಂದರೆ ರೋಗದ ಜೊತೆ ಮೈ ಆಡುವ ಜಗಳ, ಮನೆಯವರಿಗೆ ಅದು ಕೂಗಿ ಹೇಳುವ ಸುದ್ದಿ. ತಿರುಗುಣಿ ಬಿಗಿದ ಮೇಲೆ ಜಗಳವೂ ಇಲ್ಲ, ಸುದ್ದಿಯೂ ಇಲ್ಲ.

ಇದು ಯಾರ ಕಣ್ಣಿಗೂ ಬೀಳಲಿಲ್ಲವೇ ಎಂದರೆ, ಬೀಳದ ಹಾಗೆ ಒಂದು ಫಾರಂ ಇತ್ತು. ಸೂಜಿ ಹಾಕಿದ ಮೇಲೆ ಐದು ವರ್ಷ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಇಪ್ಪತ್ತು ಪ್ರಶ್ನೆ ಕೇಳಬೇಕಿತ್ತು. ಮೊದಲನೆಯದು: ಮನೆಯಲ್ಲಿ ಯಾರಿಗಾದರೂ ಜ್ವರವಿದೆಯೇ? ತಾಯಂದಿರು ತಮ್ಮ ತಾಯಂದಿರಿಂದ ಕಲಿತಂತೆ ಕೈಯ ಹಿಂಭಾಗವನ್ನು ಮಕ್ಕಳ ಹಣೆಗಿಟ್ಟು ನೋಡಿ ಇಲ್ಲ ಎಂದರು. ಇಲ್ಲ ಎಂದವರಿಗೆ ಉಳಿದ ಹತ್ತೊಂಬತ್ತು ಪ್ರಶ್ನೆ ಕೇಳಬೇಕಾಗಿಲ್ಲ ಎಂದು ಫಾರಮ್ಮಿನ ಕೆಳಗೆ ಅಚ್ಚಾಗಿತ್ತು. ಕೋಟಿಗಟ್ಟಲೆ ‘ಇಲ್ಲ’ಗಳು ರಾಜಧಾನಿಗೆ ಬಂದು ರಾಶಿಬಿದ್ದವು. ಜ್ವರವಿಲ್ಲದ ದೇಶ ಎಂದು ನೀಲಾಂಬಿಕಾ ಬಾವುಟಗಳ ನಡುವೆ ನಿಂತು ಘೋಷಿಸಿದಳು. ಬಹುಮಾನಗಳು ಬಂದವು. ಹಳ್ಳಿಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಬೆಳಿಗ್ಗೆ ಏಳದೆ ಹೋಗುತ್ತಿದ್ದರು. ನರಳಾಟವಿಲ್ಲ, ಬಡಬಡಿಕೆಯಿಲ್ಲ. ಜನ ಅದಕ್ಕೂ ಒಂದು ಮಾತು ಮಾಡಿಕೊಂಡರು. ‘ತಣ್ಣಗ ಹೋದ’ ಎನ್ನುತ್ತಿದ್ದರು. ಪುಣ್ಯವಂತರ ಸಾವು ಅನ್ನುವ ಅರ್ಥದಲ್ಲಿ.

ಸಮುದಾಯ ಭವನದೊಳಗೆ ನದಾಫರು ಮೇಜಿನ ಮೇಲೆ ಕಾಗದದ ಪಟ್ಟಿಗಳನ್ನು ಜೋಡಿಸಿಟ್ಟರು. ಆ ಪಟ್ಟಿಗೆ ಒಂದು ಹನಿ ರಕ್ತ ತಾಗಿಸಿದರೆ, ಒಳಗೆ ಸೋಂಕಿದ್ದಲ್ಲಿ ನೀಲಿಯಾಗುತ್ತದೆ. ಮೂವತ್ತು ಹೆಂಗಸರು ಕೂತಿದ್ದರು. ಯಾರೂ ಬೆರಳು ಮುಂದೆ ಮಾಡಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಹುಲಿಗೆವ್ವ ಎಲೆಯಡಿಕೆಯ ಬಾಯನ್ನು ಒರೆಸಿಕೊಂಡು ಹೇಳಿದಳು. ಅರವತ್ತರ ಆಚೆಯ ಹೆಂಗಸು, ಊರಿನಲ್ಲಿ ಆಕೆಯ ಮಾತು ನಡೆಯುತ್ತಿತ್ತು.

“ಅಕ್ಕಾರ, ನೀವು ಬಂದ್ರ ನಮಗ ಹಬ್ಬ. ಇಲ್ಲಂತ ಯಾಂವ ಅಂತಾನ? ಆದ್ರ ಈ ಸೂಜಿ ಕೆಟ್ಟದ್ದು ಅಂತೀರಲ್ಲ, ಅದೊಂದು ನಮಗ ತಲ್ಯಾಗ ಹೋಗವಲ್ದು. ಅವತ್ತು ಟೀವ್ಯಾಗ ಮೊದಲ ನೀವ ಹಾಕ್ಸಿಕೊಂಡ್ರಿ. ನಿಮ್ಮನ್ನ ನೋಡೇ ನಾವು ಹಾಕ್ಸಿಕೊಂಡ್ವಿ. ನಿಮಗೇನಾಗೈತಿ ಈಗ? ಕಲ್ಲುಗುಂಡಿನಂಗ ಅದೀರಿ.”

ಹೆಂಗಸರು ನಕ್ಕರು. ಹುಲಿಗೆವ್ವ ಗೋಡೆಯ ಕಡೆ ಕೈ ಮಾಡಿದಳು. ಅಲ್ಲಿ ಬಣ್ಣ ಮಾಸಿದ ಹಳೆಯ ಪೋಸ್ಟರು ಇನ್ನೂ ಇತ್ತು. ಐವತ್ತನಾಲ್ಕರ ನೀಲಾಂಬಿಕಾ ಸೀರೆಯ ಸೆರಗು ಸರಿಸಿ, ರವಿಕೆಯ ತೋಳು ಏರಿಸಿ, ಸೂಜಿಗೆ ಭುಜ ಒಡ್ಡಿ ನಗುತ್ತಿದ್ದಳು. ಕೆಳಗೆ ದೊಡ್ಡ ಅಕ್ಷರದಲ್ಲಿ: ನಾನು ಹಾಕಿಸಿಕೊಂಡೆ. ನೀವು?

ನೀಲಾಂಬಿಕಾ ಪೋಸ್ಟರಿನಿಂದ ಕಣ್ಣು ತೆಗೆದು ಮೇಜಿನ ಮೇಲಿನ ಪಟ್ಟಿಗಳನ್ನು ಸರಿಮಾಡಿದಳು. ಅವತ್ತು ಆ ಸೂಜಿಯಲ್ಲಿದ್ದುದು ಉಪ್ಪುನೀರು. ಕ್ಯಾಮೆರಾದ ಮುಂದೆ ಬರುವುದಕ್ಕೆ ಐದು ನಿಮಿಷ ಮೊದಲು ಆಕೆಯ ಭದ್ರತೆಯ ವೈದ್ಯ ಪಕ್ಕದ ಕೋಣೆಗೆ ಕರೆದು, ಪ್ರಧಾನಿಯ ದೇಹಕ್ಕೆ ಹೊಸ ಔಷಧಿ ಹಾಕಲು ನಿಯಮದಲ್ಲಿ ಅವಕಾಶವಿಲ್ಲ, ಬಾಟಲಿ ಬದಲಿಸಿದ್ದೇವೆ ಎಂದ. ಆಕೆ ಬೇಡ ಎನ್ನಬಹುದಿತ್ತು. ಸರಿ ಎಂದಳು. ಆ ವೈದ್ಯ ಸತ್ತು ಹತ್ತು ವರ್ಷವಾಗಿತ್ತು. ಈಗ ಅದು ಗೊತ್ತಿದ್ದವಳು ಆಕೆಯೊಬ್ಬಳೇ. ಹೇಳಿಬಿಟ್ಟರೆ ಸುಳ್ಳುಗಾರ್ತಿಯಾಗುತ್ತಾಳೆ, ಸುಳ್ಳುಗಾರ್ತಿಯ ಮಾತು ಕೇಳಿ ಯಾರೂ ಬೆರಳು ಕೊಡುವುದಿಲ್ಲ ಎಂದು ಆರು ವರ್ಷದಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಅದರಲ್ಲಿ ಸ್ವಲ್ಪ ನಿಜವಿತ್ತು, ಬಹಳಷ್ಟು ಹೇಡಿತನವಿತ್ತು.

ಕಿಟಕಿಯ ಬಳಿ ಒಂಬತ್ತು ವರ್ಷದ ಹುಡುಗಿಯೊಂದು ಗೋಡೆಗೆ ಒರಗಿ ಕೂತಿತ್ತು. ಎಡಗಾಲಿಗೆ ಹಳೆಯ ಬಟ್ಟೆ ಸುತ್ತಿತ್ತು. ಉಳಿದ ಮಕ್ಕಳು ನದಾಫರು ಹಂಚಿದ ಬಿಸ್ಕತ್ತಿಗೆ ಮುಗಿಬಿದ್ದಿದ್ದರೆ ಇವಳು ತನ್ನ ಪಾಲಿನದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ಇಕಿ ಯಾರ ಮಗಳು?” ನೀಲಾಂಬಿಕಾ ಕೇಳಿದಳು.

“ನನ್ನ ಮೊಮ್ಮಗಳರೀ, ಕನಕಿ,” ಎಂದಳು ಹುಲಿಗೆವ್ವ. “ನಾಕ ದಿನದ ಹಿಂದ ಕಲ್ಲಿನ ಚಕ್ಕಿ ಕಾಲಿಗೆ ಬಡೀತು.”

ಕನಕಿಯ ತಾಯಿ ದುರುಗವ್ವ ಪಕ್ಕದಲ್ಲೇ ಇದ್ದಳು. ಇಪ್ಪತ್ತೇಳರ ಗಟ್ಟಿ ಹೆಂಗಸು. ಎರಡು ವರ್ಷದ ಹಿಂದೆ ಆಕೆಯ ಗಂಡ, ಎಂದರೆ ಹುಲಿಗೆವ್ವನ ಮಗ, ಹಲ್ಲುನೋವು ಎಂದು ಮಲಗಿದವನು ಮೂರನೇ ದಿನ ತಣ್ಣಗೆ ಹೋಗಿದ್ದ. ದುರುಗವ್ವ ಕೈಯ ಹಿಂಭಾಗವನ್ನು ಮಗಳ ಹಣೆಗಿಟ್ಟಳು.

“ಏನೂ ಆಗಿಲ್ರಿ. ತಣ್ಣಗ ಅದಾಳ.”

“ಒಂದು ಹನಿ ರಕ್ತ ಕೊಡವ್ವ, ನೋಡೂಣು,” ಎಂದರು ನದಾಫರು.

“ಬ್ಯಾಡ್ರಿ. ಪಟ್ಟಿ ನೀಲಿ ಆದ್ರ ಗಣಿಯಾಂವ ತಂಪಿನ ಕಾರ್ಡು ಕಸಗೋತಾನಂತ, ಅದಿಲ್ದ ಕೆಲಸಕ್ಕ ತಗೊಳಂಗಿಲ್ಲ. ನಾಳಿಂದ ನಮ್ಮ ಮನ್ಯಾಗ ದುಡಿಯಾವ್ರು ಯಾರು?”

ಅದು ಸುಳ್ಳು ಸುದ್ದಿ ಎಂದು ಎಷ್ಟು ಹೇಳಿದರೂ ದುರುಗವ್ವ ಒಪ್ಪಲಿಲ್ಲ. ಕೊನೆಗೆ ಗಾಯದ ಬಟ್ಟೆ ಬದಲಿಸಲು ಮಾತ್ರ ಬಿಟ್ಟಳು. ಬಟ್ಟೆ ಬಿಚ್ಚಿದಾಗ ನದಾಫರ ಮುಖದ ಬಣ್ಣ ಬದಲಾದದ್ದು ನೀಲಾಂಬಿಕಾಗೆ ಕಾಣಿಸಿತು. ಅವರು ಹತ್ತಿಯಲ್ಲಿ ಕೀವು ಒರೆಸಿ, ಅದನ್ನು ಸಣ್ಣ ಸೀಸೆಯಲ್ಲಿ ಹಾಕಿ ಜೇಬಿಗಿಟ್ಟುಕೊಂಡರು.

ನದಾಫರ ಪ್ರಯೋಗಾಲಯ ತಾಲೂಕು ಪಟ್ಟಣದ ಬಳೆಯಂಗಡಿಯೊಂದರ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಫ್ರಿಜ್ಜು. ಒಂದು ಕಾಲಕ್ಕೆ ಅವರ ಕೈಕೆಳಗೆ ನಾನೂರು ಜನ ಕೆಲಸ ಮಾಡುತ್ತಿದ್ದರು. ಅವರ ಹೆಂಡತಿ ಹಸೀನಾ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ಜ್ವರವಿಲ್ಲ, ಗ್ಯಾಸು ಎಂದು ಗುಳಿಗೆ ಕೊಟ್ಟು ಕಳಿಸಿದ್ದರು. ಒಡೆದ ಅಪೆಂಡಿಕ್ಸು ಅದು. ಅವತ್ತು ಎಚ್ಚೆತ್ತ ನದಾಫರು ಹಳೆಯ ಫಾರಮ್ಮುಗಳನ್ನೆಲ್ಲ ತೆರೆದು ಕೂತರು, ಒಂದು ವರ್ಷ ಲೆಕ್ಕ ಹಾಕಿದರು, ಆಮೇಲೆ ನೀಲಾಂಬಿಕಾಳ ಪ್ರತಿಷ್ಠಾನದ ಬಾಗಿಲು ತಟ್ಟಿದರು. ಆರು ವರ್ಷದ ಓಡಾಟ ಶುರುವಾದದ್ದು ಹಾಗೆ. ಸರಕಾರ ಇಬ್ಬರನ್ನೂ ಕೆಲಸವಿಲ್ಲದ ಮುದುಕರು ಎಂದು ಕರೆದು, ಅವರ ಪಟ್ಟಿಗಳನ್ನು ಯಾವ ಆಸ್ಪತ್ರೆಯೂ ಒಪ್ಪಬಾರದೆಂದು ಸುತ್ತೋಲೆ ಹೊರಡಿಸಿತ್ತು.

ನದಾಫರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು.

“ನೋಡ್ರಿ ಅಕ್ಕಾರ, ಸರಪಳಿ ಸರಪಳಿಯಂಗ ರೋಗಾಣು. ಹುಡುಗಿ ಸೋತಿದ್ದು ನೋಡಿದ್ರ ಇದು ರಕ್ತಕ್ಕ ಇಳದೈತಿ. ಹಳೇ ಕಾಲದ ಹುಡುಗಿ ಆಗಿದ್ರ ಇಷ್ಟೊತ್ತಿಗೆ ನೂರಾ ನಾಕು ಜ್ವರ ಬಂದು ಊರೇ ಎದ್ದು ನಿಂತಿರ್ತಿತ್ತು.”

“ಎಷ್ಟು ದಿನ ಐತಿ?”

“ನಾಳಿ ಸಂಜಿಯೊಳಗ ಔಷಧ ರಕ್ತಕ್ಕ ಹೋಗಬೇಕು. ಗುಳಿಗಿ ಸಾಲಂಗಿಲ್ಲ, ಅದು ಜಿಲ್ಲಾ ದವಾಖಾನ್ಯಾಗಷ್ಟ ಆಗತೈತಿ. ಆಮ್ಯಾಲ ದೇವರೇ ಗತಿ.”

“ಪೊಲೀಸರ್ನ ಕರಕೊಂಡು ಹೋದ್ರ?”

“ಯಾರ ಮಾತಿಗೆ ಬರ್ತಾರ? ನಿಮ್ಮ ಮಾತಿಗೋ, ನನ್ನ ಮಾತಿಗೋ? ಆ ತಾಯಿ ಒಪ್ಪಬೇಕು, ಅದೊಂದ ದಾರಿ. ಆಕಿ ಕೈಗೆ ಹಣಿ ತಣ್ಣಗ ಹತ್ತೂತನಕ ಆಕಿ ಒಪ್ಪಂಗಿಲ್ಲ. ಜ್ವರ ಅಂದ್ರೇನಂತ ಆಕಿ ಮರತಾಳ. ಆಕಿಗೆ ಸೂಜಿ ಬಿದ್ದಾಗ ಐದು ವರ್ಷ. ಜ್ವರ ಬರೋ ಮನಷ್ಯಾನ್ನ ಒಬ್ಬನ್ನ ತಂದು ತೋರಸಬೇಕಂದ್ರ ಈ ಜಿಲ್ಲಾದಾಗ ಎಲ್ಲಿ ಹುಡಕೂದು?”

ನೀಲಾಂಬಿಕಾ ಸ್ಟೂಲಿನ ಮೇಲೆ ಕೂತಿದ್ದಳು. ಫ್ಯಾನು ಕಿರುಗುಟ್ಟುತ್ತಿತ್ತು. ಆಕೆಯ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು, ನದಾಫರ ಅಂಗಿ ಒಣಗಿತ್ತು. ಬಿ.ಪಿ. ಗುಳಿಗೆಯಿಂದ ಬೆವರು ಎಂದು ಆರು ವರ್ಷ ಆಕೆ ಹೇಳಿದ್ದನ್ನು ಅವರು ನಂಬಿದ್ದರು, ಔಷಧಿಯ ವಿಷಯದಲ್ಲಿ ಅಷ್ಟು ತಿಳಿದವರಾದರೂ.

“ಹುಡಕೂದು ಬ್ಯಾಡ ನದಾಫರ,” ಎಂದಳು. “ಇಲ್ಲೇ ಕುಂತೀನಿ.”

ಅವರಿಗೆ ಅರ್ಥವಾಗಲಿಲ್ಲ. ಆಕೆ ಬಿಡಿಸಿ ಹೇಳಿದಳು. ಪಕ್ಕದ ಕೋಣೆ, ಬಾಟಲಿ, ಉಪ್ಪುನೀರು, ತಾನು ಸರಿ ಎಂದದ್ದು. ಹೇಳುವಾಗ ಧ್ವನಿ ನಡುಗಬಹುದೆಂದುಕೊಂಡಿದ್ದಳು, ನಡುಗಲಿಲ್ಲ. ಸಂಸತ್ತಿನಲ್ಲಿ ಉತ್ತರ ಓದಿದ ಹಾಗೆ ಬಂತು. ಅದಕ್ಕೂ ನಾಚಿಕೆಯಾಯಿತು.

ನದಾಫರು ಬಹಳ ಹೊತ್ತು ಸೂಕ್ಷ್ಮದರ್ಶಕದ ಗಾಜನ್ನು ಬಟ್ಟೆಯಿಂದ ಒರೆಸಿದರು.

“ಹಸೀನಾ ಅಂಜಿದ್ಲು,” ಎಂದರು ಕೊನೆಗೆ. “ನಾನ ಮಾಡಿದ ಔಷಧ, ನಾನ ಮೊದಲ ಹಾಕ್ಕೊಂಡೀನಿ ಅಂದ್ರೂ ಒಲ್ಲೆ ಅಂದ್ಲು. ನೀವು ವಿಜ್ಞಾನಿಗೋಳು ಹುಚ್ಚರು ಅಂದ್ಲು. ಅವತ್ತು ಟೀವ್ಯಾಗ ನಿಮ್ಮನ್ನ ನೋಡಿದ್ಲು. ಅಕ್ಕಾರ ಹಾಕ್ಸಿಕೊಂಡ್ರಲ್ಲ, ಹಂಗಾರ ನನಗೂ ಹಾಕು ಅಂದ್ಲು. ನಾನ ನನ್ನ ಕೈಲೆ ಹಾಕಿದೆ.”

ನೀಲಾಂಬಿಕಾ ಕ್ಷಮೆ ಕೇಳಲು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು. ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೆರೆದು ಹುಡುಕಿ ಒಂದು ಸಣ್ಣ ಬಾಟಲಿ ತಂದು ಮೇಜಿನ ಮೇಲಿಟ್ಟರು. ಅದರಲ್ಲಿದ್ದುದು ವಿಷಮಶೀತ ಜ್ವರದ ಸತ್ತ ರೋಗಾಣುಗಳು. ಹಿಂದಿನ ಕಾಲದ ಲಸಿಕೆ. ರೋಗ ತರುವುದಿಲ್ಲ, ಆದರೆ ಮೈ ಮೋಸಹೋಗಿ ಜ್ವರ ಏರಿಸುತ್ತದೆ.

“ಇದನ್ನ ಇಬ್ರೂ ಹಾಕ್ಕೊಳ್ಳೂಣು, ನಾಳಿ ನಸಕಿನ್ಯಾಗ,” ಎಂದರು ಆಕೆಯ ಮುಖ ನೋಡದೆ. “ಹತ್ತು ಹನ್ನೊಂದಕ್ಕ ನಿಮಗ ಏರತೈತಿ, ನನಗ ಏರಂಗಿಲ್ಲ. ಅವರ ಕೈಲೇನ ಮುಟ್ಟಿ ನೋಡ್ಲಿ. ನಿಮ್ಮ ವಯಸ್ಸಿಗೆ ಇದು ಚಲೋ ಅಲ್ಲ ಅಂತ ಡಾಕ್ಟರಾಗಿ ಹೇಳತೀನಿ.”

ಡಾಕ್ಟರಾಗಿ ಎಂದು ಯಾಕೆ ಬೇರೆ ಹೇಳಿದರೆಂದು ಆಕೆಗೆ ತಿಳಿಯಿತು. ಹಸೀನಾಳ ಗಂಡನಾಗಿ ಅವರು ಬೇಡ ಎನ್ನುತ್ತಿರಲಿಲ್ಲ.

ಮಂಗಳವಾರ ಹತ್ತೂವರೆಯ ಹೊತ್ತಿಗೆ ಹುಲ್ಲಮರಡಿಯ ಜನ ಹಿಂದೆಂದೂ ಕಾಣದ್ದನ್ನು ಕಂಡರು. ಬೆಂಕಿಯಂಥ ಬಿಸಿಲಿನಲ್ಲಿ ಮಾಜಿ ಪ್ರಧಾನಿ ಸಮುದಾಯ ಭವನದ ಕಟ್ಟೆಯ ಮೇಲೆ ಕೂತು ಗಡಗಡ ನಡುಗುತ್ತಿದ್ದಳು. ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಹೊದೆಯಲು ಏನಾದರೂ ಕೊಡಿ ಎಂದು ಕೇಳಿದಳು. ಮಕ್ಕಳಿಗೆ ನಗು ತಡೆಯಲಾಗಲಿಲ್ಲ. ಒಬ್ಬ ಹುಡುಗ ಅವಳ ಹಾಗೆಯೇ ನಡುಗಿ ತೋರಿಸಿದ. ದುರುಗವ್ವ ಮನೆಯಿಂದ ಕೌದಿ ತಂದು ಹೊದಿಸಿದಳು, ಮುದುಕಿಗೆ ತಲೆ ಕೆಟ್ಟಿರಬೇಕು ಎಂದುಕೊಂಡು.

“ಮುಟ್ಟಿ ನೋಡ್ರವಾ,” ಎಂದಳು ನೀಲಾಂಬಿಕಾ. “ನನ್ನ ಹಣಿ ಮುಟ್ಟಿ ನೋಡ್ರಿ. ಆಮ್ಯಾಲ ಡಾಕ್ಟರ ಹಣಿ ಮುಟ್ಟಿ ನೋಡ್ರಿ. ಇಬ್ರಿಗೂ ಇವತ್ತ ಒಂದ ಔಷಧ ಬಿದ್ದೈತಿ.”

ದುರುಗವ್ವ ಕೈಯ ಹಿಂಭಾಗ ಇಟ್ಟವಳು ಬಿಸಿ ಹಂಚು ಮುಟ್ಟಿದಂತೆ ಹಿಂದಕ್ಕೆ ಎಳೆದುಕೊಂಡಳು. “ಅಯ್ಯ, ಇದೇನ್ರಿ, ಸುಡಾಕತ್ತೈತಿ!”

ಹುಲಿಗೆವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಒರಟು ಕೈ ಹಣೆಯ ಮೇಲೆ ಬಿತ್ತು, ಅಲ್ಲೇ ನಿಂತಿತು. ಹುಲಿಗೆವ್ವನ ಕಣ್ಣು ಸಣ್ಣಗಾದವು. ಇಪ್ಪತ್ತೆರಡು ವರ್ಷ ಮುಟ್ಟದಿದ್ದರೂ ಕೈ ಮರೆತಿರಲಿಲ್ಲ.

“ಜ್ವರ,” ಎಂದಳು ಮೆಲ್ಲಗೆ. “ಇದು ಜ್ವರ ಐತಿ.” ಆಮೇಲೆ ಇನ್ನೊಂದು ಕೈಯನ್ನು ನದಾಫರ ಹಣೆಗಿಟ್ಟಳು. ಎರಡು ಹಣೆಗಳ ನಡುವೆ ಆಕೆ ನಿಂತಿದ್ದಳು, ಗಣಿಯ ಉಳಿಯ ಸದ್ದು ಕೂಡ ನಿಂತುಹೋಗಿತ್ತು. “ಹಂಗಾರ ಅಕ್ಕಾರ, ನೀವು?”

“ನಾ ಹಾಕ್ಸಿಕೊಂಡಿಲ್ಲ,” ಎಂದಳು ನೀಲಾಂಬಿಕಾ. ನಡುಕದಲ್ಲಿ ಮಾತು ತುಂಡುತುಂಡಾಗಿ ಬಂತು. “ಅವತ್ತು ಟೀವ್ಯಾಗ ನನಗ ಹಾಕಿದ್ದು ಉಪ್ಪುನೀರು. ನನಗ ಗೊತ್ತಿತ್ತು. ಗೊತ್ತಿದ್ದೂ ನಿಮಗ ಹಾಕ್ಸಿಕೊಳ್ರಿ ಅಂದೆ. ನಿಮ್ಮ ಮೈಗೆ ಜ್ವರ ಬರಂಗಿಲ್ಲ. ಒಳಗ ವಿಷ ಏರಿದ್ರೂ ಹಣಿ ತಣ್ಣಗ ಇರತೈತಿ. ನಿಮ್ಮ ಮಗನ ಹಣಿನೂ ಹಂಗ ಇತ್ತು. ಕನಕಿ ಹಣಿನೂ ಹಂಗ ಐತಿ.”

ಯಾರೋ ಹಿಂದಿನಿಂದ ಬೈದರು. ಒಂದು ಚಪ್ಪಲಿ ಬಂದು ಕಟ್ಟೆಗೆ ಬಡಿಯಿತು. ಹುಲಿಗೆವ್ವ ಕೈ ತೆಗೆಯಲಿಲ್ಲ. ಬೈಯಲೂ ಇಲ್ಲ. ಕಣ್ಣೀರು ಅವಳ ಗಲ್ಲದಿಂದ ಇಳಿದು ಕೌದಿಯ ಮೇಲೆ ಬೀಳುತ್ತಿತ್ತು.

“ನನ್ನ ಮಗನ ಹಣಿ ಹಿಂಗ ಸುಟ್ಟಿದ್ರ,” ಎಂದಳು, “ನಾ ಅವನ್ನ ಹೊತಗೊಂಡು ದವಾಖಾನಿಗೆ ಓಡ್ತಿದ್ದೆ.”

ಅಷ್ಟರಲ್ಲಿ ದುರುಗವ್ವ ಮನೆಯೊಳಗೆ ಹೋಗಿ ಕನಕಿಯನ್ನು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ನದಾಫರು ಬೆರಳು ಚುಚ್ಚಿದರು. ಪಟ್ಟಿ ನೀಲಿಯನ್ನೂ ದಾಟಿ ಕಪ್ಪಾಯಿತು. ವ್ಯಾನಿನ ಬಾಗಿಲು ತೆರೆಯಿತು.

ಜಿಲ್ಲಾ ಆಸ್ಪತ್ರೆ ಅರವತ್ತು ಕಿಲೋಮೀಟರು. ಹಿಂದಿನ ಸೀಟಿನಲ್ಲಿ ನೀಲಾಂಬಿಕಾ ಕೌದಿಯೊಳಗೆ ಮುದುಡಿ ಮಲಗಿದ್ದಳು, ಎದುರಿಗೆ ತಾಯಿಯ ಮಡಿಲಲ್ಲಿ ಕನಕಿ. ಹುಡುಗಿಗೆ ಪ್ರಜ್ಞೆಯಿತ್ತು. ಈ ನಡುಗುವ ಅಜ್ಜಿಯನ್ನು ಅರೆಗಣ್ಣಿನಲ್ಲಿ ನೋಡುತ್ತಿತ್ತು. ಒಮ್ಮೆ ಕೈ ಚಾಚಿ, ತಾಯಿ ಮಾಡಿದಂತೆಯೇ ಕೈಯ ಹಿಂಭಾಗದಿಂದ ಆಕೆಯ ಹಣೆ ಮುಟ್ಟಿತು.

“ಬೆಚ್ಚಗ ಐತಿ,” ಎಂದಿತು. ಅದಕ್ಕೆ ಹಿತವೆನಿಸಿರಬೇಕು, ಕೈಯನ್ನು ಅಲ್ಲೇ ಇಟ್ಟುಕೊಂಡಿತು. ಆ ಕೈ ಕಲ್ಲಿನಷ್ಟು ತಣ್ಣಗಿತ್ತು. ಬದುಕುತ್ತಾಳೆ ಎಂದು ನೀಲಾಂಬಿಕಾಗೆ ಆಗ ಅನಿಸಿತು. ಬಾಯಿಬಿಟ್ಟು ಹೇಳಿದ್ದೇನೆ, ಹೊತ್ತು ಮೀರಿಲ್ಲ, ಬದುಕುತ್ತಾಳೆ.

ಆಸ್ಪತ್ರೆಯ ಬಾಗಿಲಿನಲ್ಲಿ ಜ್ವರದ ಕಮಾನು ಇತ್ತು. ಅದನ್ನೂ ಆಕೆಯ ಸರಕಾರವೇ, ಸೂಜಿ ಬರುವ ಮೊದಲು, ಎಲ್ಲ ಜಿಲ್ಲೆಗಳಲ್ಲಿ ನಿಲ್ಲಿಸಿತ್ತು. ಕೆಳಗೆ ಹಾದುಹೋಗುವವರ ಮೈಶಾಖವನ್ನು ಅದು ತಾನೇ ಅಳೆಯುತ್ತದೆ. ಕೆಂಪು ದೀಪ ಹತ್ತಿದರೆ ನೇರ ಒಳಗೆ, ಹಸಿರು ಹತ್ತಿದರೆ ಟೋಕನ್ ಹಿಡಿದು ಬೆಂಚಿನ ಮೇಲೆ. ವರ್ಷಗಳಿಂದ ಅದರಲ್ಲಿ ಹಸಿರು ಬಿಟ್ಟು ಬೇರೇನೂ ಹತ್ತಿರಲಿಲ್ಲ. ಕೆಂಪು ದೀಪದ ಗಾಜಿನ ಮೇಲೆ ಧೂಳು ಕೂತಿತ್ತು.

ದುರುಗವ್ವ ಮಗಳನ್ನು ಎತ್ತಿಕೊಂಡು ಮೊದಲು ಹಾದಳು. ಹಸಿರು. ಕಾವಲಿನವನು ಟೋಕನ್ ಹರಿದುಕೊಟ್ಟ. ನೂರಾ ಹನ್ನೆರಡು.

ನದಾಫರ ಹೆಗಲು ಹಿಡಿದು ನೀಲಾಂಬಿಕಾ ಹಿಂದೆ ಬಂದಳು. ಕಮಾನು ಕಿರುಚಿತು. ಆ ಸದ್ದು ಹೇಗಿರುತ್ತದೆಂದು ಅಲ್ಲಿನ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ನರ್ಸುಗಳು ಓಡಿಬಂದರು, ಯಾರೋ ಮುಖ ಗುರುತಿಸಿ ಮಾಜಿ ಪ್ರಧಾನಿ ಎಂದು ಕೂಗಿದರು. ಆಮೇಲೆ ಆಸ್ಪತ್ರೆಗೆ ಆಸ್ಪತ್ರೆಯೇ ಆಕೆಯ ಸುತ್ತ ನಿಂತಿತು. ನೂರಾ ಮೂರು, ನೂರಾ ಮೂರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಸ್ಟ್ರೆಚರ್ ತಂದು ಮಲಗಿಸಿದರು. ಕರ್ತವ್ಯದಲ್ಲಿದ್ದವನು ಒಬ್ಬನೇ ಡಾಕ್ಟರು. ಅವನು ಬೆಂಚಿನ ಮೇಲಿದ್ದ ಹುಡುಗಿಯ ಕಡೆ ತಿರುಗದೆ ಸ್ಟ್ರೆಚರಿನ ಜೊತೆ ಓಡಿದ.

“ನನಗ ಏನೂ ಆಗಿಲ್ಲ! ಆ ಹುಡುಗಿನ್ನ ನೋಡ್ರಿ! ನನ್ನ ಬಿಡ್ರಿ, ಆ ಹುಡುಗಿನ್ನ!”

“ಸಮಾಧಾನ ಮಾಡ್ಕೋರಿ ಮೇಡಂ. ಸಿಸ್ಟರ್, ಜ್ವರ ತಲಿಗೇರೈತಿ,” ಎಂದ ಡಾಕ್ಟರು. ಜ್ವರದ ಬಡಬಡಿಕೆಯ ಬಗ್ಗೆ ಅವನು ಪುಸ್ತಕದಲ್ಲಿ ಓದಿದ್ದ, ಕಣ್ಣಾರೆ ಕಂಡದ್ದು ಇದೇ ಮೊದಲು. ನಿದ್ದೆಯ ಔಷಧಿ ಹಾಕಿದ. ಸ್ಟ್ರೆಚರಿನಿಂದ ಇಳಿಯಲು ಆಕೆ ಕಾಲು ಕೆಳಗೆ ಬಿಟ್ಟಳು, ನಾಲ್ಕು ಜನ ಹಿಡಿದು ಮಲಗಿಸಿದರು. ಬಾಗಿಲಿನ ಆಚೆ ನದಾಫರು ಕಪ್ಪಾದ ಪಟ್ಟಿಯನ್ನು ಎತ್ತಿ ಹಿಡಿದು ಯಾರಿಗೋ ತೋರಿಸುತ್ತಿದ್ದರು. ಆ ಮನುಷ್ಯ ಗೋಡೆಯ ಮೇಲಿನ ಸುತ್ತೋಲೆಗೆ ಬೆರಳು ಮಾಡಿ ತಲೆಯಲ್ಲಾಡಿಸುತ್ತಿದ್ದ. ಆಕೆ ಕೊನೆಗೆ ಕಂಡದ್ದು ಅಷ್ಟು.

ಎಚ್ಚರವಾದಾಗ ಸಂಜೆಯ ಬೆಳಕು ಕಿಟಕಿಯಲ್ಲಿತ್ತು. ನದಾಫರು ಮಂಚದ ಪಕ್ಕ ಕೂತಿದ್ದರು. ಆಕೆ ಕೇಳುವ ಮೊದಲೇ ಹೇಳಿದರು.

“ಒಂದೂ ಮುಕ್ಕಾಲು ತಾಸು ಬೆಂಚಿನ ಮ್ಯಾಲಿದ್ಲು. ಟೋಕನ್ ನೂರಾ ಎಂಟು ನಡದಿತ್ತು. ದುರುಗವ್ವಗ ಮಲಗ್ಯಾಳ ಅನಿಸಿತ್ತಂತ.”

ನೀಲಾಂಬಿಕಾ ಗೋಡೆಯ ಕಡೆ ತಿರುಗಿ ಅತ್ತಳು. ಅಧಿಕಾರದಲ್ಲಿದ್ದಾಗ ಎಷ್ಟೋ ಸಾವಿನ ಮನೆಗಳಿಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು. ಇದು ಆ ಅಳುವಲ್ಲ. ಸೀಳಿದ ಧ್ವನಿಯಲ್ಲಿ, ಮೂಗು ಬಾಯಿ ಒಂದಾಗಿ ಅತ್ತಳು. ನದಾಫರು ಅಳಲು ಬಿಟ್ಟು ಕೂತಿದ್ದರು.

ಸುದ್ದಿ ಎರಡು ದಿನದಲ್ಲಿ ದೇಶವಿಡೀ ಹರಡಿತು. ಅದರಲ್ಲಿ ಕನಕಿ ಇರಲಿಲ್ಲ, ಉಪ್ಪುನೀರು ಮಾತ್ರ ಇತ್ತು. ಪಕ್ಷ ಆಕೆಯನ್ನು ಹೊರಹಾಕಿತು. ಪ್ರತಿಷ್ಠಾನದ ಫಲಕಕ್ಕೆ ಮಸಿ ಬಳಿದರು. ಅಂದು ಸುಳ್ಳು ಹೇಳಿದವಳು ಇಂದು ನಿಜ ಹೇಳುತ್ತಾಳೆಂದು ಯಾಕೆ ನಂಬಬೇಕು ಎಂದು ಆರೋಗ್ಯ ಸಚಿವ ಕೇಳಿದ, ಜನರಿಗೆ ಅದು ಸರಿಯೆನಿಸಿತು. ಅದಕ್ಕೆ ಜನರನ್ನು ತಪ್ಪಿತಸ್ಥರೆನ್ನಲಾಗದು. ಜ್ವರದ ಕಮಾನುಗಳು ನಿಂತ ಜಾಗದಲ್ಲೇ ನಿಂತಿದ್ದವು.

ಮುಂದಿನ ಸೋಮವಾರ ವ್ಯಾನು ಹುಲ್ಲಮರಡಿಗೆ ಹೋಯಿತು. ಬೇಡವೆಂದು ನದಾಫರು ಹೇಳಿದ್ದರು, ಹೊಡೆಯಬಹುದು ಎಂದಿದ್ದರು. ಹೊಡೆದರೆ ಹೊಡೆಯಲಿ ಎಂದು ಆಕೆ ಹತ್ತಿ ಕೂತಿದ್ದಳು.

ಯಾರೂ ಹಾರ ತರಲಿಲ್ಲ. ಗೋಡೆಯ ಪೋಸ್ಟರು ಇರಲಿಲ್ಲ, ಅಂಟಿನ ಚೌಕವೊಂದು ಉಳಿದಿತ್ತು. ಆದರೆ ಸಮುದಾಯ ಭವನದಿಂದ ಗಣಿಯ ದಾರಿಯವರೆಗೆ ಹೆಂಗಸರ ಸಾಲು ನಿಂತಿತ್ತು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು, ಗಂಡಂದಿರ ತೋಳು ಹಿಡಿದುಕೊಂಡು. ಒಬ್ಬೊಬ್ಬರಾಗಿ ಬಂದು ಬೆರಳು ಚಾಚಿದರು. ನದಾಫರು ಚುಚ್ಚಿದರು. ಇನ್ನೂರ ಹತ್ತು ಪಟ್ಟಿಗಳಲ್ಲಿ ಮೂರು ನೀಲಿಯಾದವು. ಆ ಮೂವರಿಗೆ ನದಾಫರು ಅಲ್ಲಿಯೇ ಗುಳಿಗೆ ಶುರುಮಾಡಿದರು. ಪಕ್ಕದ ಕಲ್ಲಿನ ಮೇಲೆ ಕೂತಿದ್ದ ನೀಲಾಂಬಿಕಾಳ ಜೊತೆ ಯಾರೂ ಮಾತಾಡಲಿಲ್ಲ.

ಕೊನೆಗೆ ಬಂದವಳು ದುರುಗವ್ವ. ಬೆರಳು ಕೊಟ್ಟಳು. ಪಟ್ಟಿ ಬೆಳ್ಳಗೇ ಉಳಿಯಿತು. ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತು, ಕಲ್ಲಿನ ಬಳಿ ಬಂದಳು. ಕೈಯ ಹಿಂಭಾಗವನ್ನು ಮಾಜಿ ಪ್ರಧಾನಿಯ ಹಣೆಗಿಟ್ಟಳು.

“ಇಳದೈತಿ,” ಎಂದಳು.

“ಹೂಂನವ್ವ.”

“ಇನ್ನ ಎಷ್ಟು ಊರದಾವ್ರಿ ಹಿಂಗ?”

“ಈ ಜಿಲ್ಲಾದಾಗ ಮುನ್ನೂರಾ ನಲವತ್ತು.”

“ನೀವು ಹೇಳಿದ್ರ ಅಲ್ಲಿನೂ ಯಾರೂ ಕೇಳಂಗಿಲ್ಲ. ನಾ ಕೇಳಿದ್ನೇನು?” ದುರುಗವ್ವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಕೆಲಸ ಹಂಚುವವಳ ಹಾಗೆ ಮಾತಾಡಿದಳು. “ಹೋಗಿ ಹಣಿ ಮುಟ್ಟಸ್ರಿ. ಪ್ರತಿ ಊರಾಗೂ ಜ್ವರ ಬರಿಸ್ಕೋರಿ. ಕೂಸು ಸಾಯೂಕಿಂತ ಮೊದಲ ಹೋಗ್ರಿ. ಆ ದವಾಖಾನಿ ಡಾಕ್ಟರಗೂ ಮುಟ್ಟಸ್ರಿ, ನಾನೂ ಬರ್ತೀನಿ, ನನ್ನ ತಣ್ಣನ್ನ ಹಣಿ ತಗೊಂಡು.”

ನೀಲಾಂಬಿಕಾ ನದಾಫರ ಕಡೆ ನೋಡಿದಳು. ಜ್ವರದ ಸೂಜಿಯನ್ನು ಹದಿನೈದು ದಿನಕ್ಕೊಮ್ಮೆಗಿಂತ ಹೆಚ್ಚು ಕೊಡಲಾಗದು, ಈ ಹೃದಯ ಹತ್ತು ಸಲ ತಡೆದರೆ ಹೆಚ್ಚು ಎಂದು, ಆಸ್ಪತ್ರೆಯಲ್ಲೇ ಆಕೆ ಕೇಳಿದಾಗ ಅವರು ಲೆಕ್ಕ ಹೇಳಿದ್ದರು. ಮುನ್ನೂರ ನಲವತ್ತರಲ್ಲಿ ಹತ್ತು. ದುರುಗವ್ವನಿಗೆ ಅದನ್ನು ಹೇಳುವ ಅಗತ್ಯ ಆಕೆಗೆ ಕಾಣಲಿಲ್ಲ.

“ಆತು,” ಎಂದಳು.

ಹದಿನೈದು ದಿನ ತುಂಬಿದ ಮಂಗಳವಾರ, ಬಳೆಯಂಗಡಿಯ ಮಹಡಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ, ನೀಲಾಂಬಿಕಾ ಸೆರಗು ಸರಿಸಿ ರವಿಕೆಯ ತೋಳು ಏರಿಸಿದಳು. ದುರುಗವ್ವ ಬಾಗಿಲ ಬಳಿ ಬುತ್ತಿಗಂಟು ಹಿಡಿದು ಕಾಯುತ್ತಿದ್ದಳು. ನದಾಫರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲೆ ಬರೆದಿದ್ದನ್ನು ಮೊದಲಿನಿಂದ ಕೊನೆಯವರೆಗೆ ಇಬ್ಬರಿಗೂ ಕೇಳಿಸುವಂತೆ ಗಟ್ಟಿಯಾಗಿ ಓದಿದರು. ಆಮೇಲೆ ಸೂಜಿ ಚುಚ್ಚಿದರು.